ಅಂಗಡಿಯ ಮುಂದಿನ ಆರು ಅಡಿ

ಬೆಂಗಳೂರಿನ ಮೂಲಸೌಕರ್ಯದ ವಿಷಯ ಚರ್ಚೆಗೆ ಬಂದಾಗಲೆಲ್ಲ ಮೇಲ್ಸೇತುವೆ, ಮೆಟ್ರೋ, ಸುರಂಗ ರಸ್ತೆಗಳ ಪ್ರಸ್ತಾಪವೇ ಮುಂಚೂಣಿಯಲ್ಲಿರುತ್ತದೆ. ಆದರೆ ಗ್ರಾಹಕನು ನಮ್ಮ ಮಳಿಗೆಯ ಬಾಗಿಲಿಗೆ ಬರುವ ಕೊನೆಯ ಕೆಲವು ಹೆಜ್ಜೆಗಳನ್ನು ಇಡುವುದು ಪಾದಚಾರಿ ಮಾರ್ಗದ ಮೇಲೆ. ಆ ಮಾರ್ಗವೂ ಅದರ ಅಂಚುಗಲ್ಲೂ ಏಕೆ ಇಷ್ಟು ಬೇಗ ಹಾಳಾಗುತ್ತವೆ, ಅವುಗಳನ್ನು ಬದಲಿಸುವ ಹೊಣೆ ಯಾರದು ಎಂಬುದನ್ನು ವ್ಯಾಪಾರಿಗಳೂ ಕಾಂಕ್ರೀಟ್ ಉತ್ಪನ್ನಗಳ ಸಣ್ಣ ತಯಾರಕರೂ ಅರಿತಿರುವುದು ಅಗತ್ಯ.

ಮೊದಲು ಅಂಚುಗಲ್ಲಿನ ವಿಚಾರ. ಗಣ್ಯರ ಆಗಮನಕ್ಕೆ ಮುನ್ನಾದಿನ ಕಪ್ಪು ಬಿಳುಪು ಬಣ್ಣ ಬಳಿಯಲೆಂದೇ ಅದನ್ನು ನೆಟ್ಟಿರುವರೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ರಸ್ತೆಯ ಡಾಂಬರಿನ ಅಂಚು ಕುಸಿಯದಂತೆ ಹಿಡಿದಿಡುತ್ತದೆ. ಮಳೆನೀರನ್ನು ಚರಂಡಿಯ ಕಿಂಡಿಯವರೆಗೆ ಹರಿಸುತ್ತದೆ. ವಾಹನಗಳನ್ನು ನಡೆಯುವವರಿಂದ ದೂರವಿಡುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿ ಹೊರಡಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯು ರಸ್ತೆಯ ಮಟ್ಟದಿಂದ ಪಾದಚಾರಿ ಮಾರ್ಗದ ಎತ್ತರ 150 ಮಿ.ಮೀ. ಮೀರಬಾರದೆಂದು ಹೇಳುತ್ತದೆ. ನಮ್ಮಲ್ಲಿ ಈ ಮಿತಿ ಎರಡೂ ದಿಕ್ಕಿನಲ್ಲಿ ತಪ್ಪುತ್ತದೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಪದರದ ಮೇಲೆ ಪದರ ಹಾಕುತ್ತ ಹೋದಂತೆ ರಸ್ತೆಯು ಏರಿ ಅಂಚುಗಲ್ಲು ಹೂತುಹೋಗುತ್ತದೆ, ಜೋರು ಮಳೆಗೆ ನೀರು ನೇರವಾಗಿ ಅಂಗಡಿಗೆ ನುಗ್ಗುತ್ತದೆ. ಇದಕ್ಕೆ ಪರಿಹಾರವೆಂದು ಪಾದಚಾರಿ ಮಾರ್ಗವನ್ನು ಮೊಣಕಾಲೆತ್ತರಕ್ಕೆ ಏರಿಸಿದರೆ ವೃದ್ಧರು ಅದನ್ನು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ. ಕಪಾಟಿನಲ್ಲಿಟ್ಟ ಸರಕು ನೆನೆದು ನಷ್ಟ ಅನುಭವಿಸಿದ ವ್ಯಾಪಾರಿಗೆ ಇದರ ಮೂಲ ಎಲ್ಲಿದೆ ಎಂಬುದು ಹೊಳೆಯುವುದೇ ಅಪರೂಪ. ಮರುಡಾಂಬರೀಕರಣದ ಯಂತ್ರಗಳು ಬೀದಿಗೆ ಬಂದಾಗ ಹಳೆಯ ಪದರವನ್ನು ತೆಗೆಯುವರೇ ಎಂದು ಅಭಿಯಂತರರನ್ನು ವಿಚಾರಿಸುವುದು ವ್ಯಾಪಾರಿಯ ಹಿತಕ್ಕೇ ಒಳ್ಳೆಯದು.

ನಗರದ ಹಳೆಯ ಬಡಾವಣೆಗಳಲ್ಲಿ ಪಾದಚಾರಿ ಮಾರ್ಗವೆಂದರೆ ಬಹುಮಟ್ಟಿಗೆ ಚರಂಡಿಯ ಮುಚ್ಚಳವೇ. ಹೂಳೆತ್ತಲು ಚಪ್ಪಡಿಯನ್ನು ಎಬ್ಬಿಸಲೇಬೇಕು, ಎಬ್ಬಿಸಿದ ಚಪ್ಪಡಿ ಮೊದಲಿನಂತೆ ಕೂರುವುದಿಲ್ಲ. ಸಿಮೆಂಟ್ ಬ್ಲಾಕುಗಳ ಕಥೆ ಬೇರೆ. ಅವು ಸಾಮಾನ್ಯವಾಗಿ ಒಡೆಯುವುದಿಲ್ಲ, ಕುಸಿಯುತ್ತವೆ. ಕೆಳಗಿನ ನೆಲವನ್ನು ಸರಿಯಾಗಿ ದಮ್ಮಸ್ಸು ಮಾಡದೆ, 20ರಿಂದ 40 ಮಿ.ಮೀ. ಇರಬೇಕಾದ ಮರಳಿನ ಹಾಸನ್ನು ತಗ್ಗು ಮುಚ್ಚುವ ಸಲುವಾಗಿ ಮನಬಂದಂತೆ ದಪ್ಪಗೊಳಿಸಿದರೆ ಒಂದೇ ಮಳೆಗಾಲದಲ್ಲಿ ಮೇಲ್ಮೈ ಅಲೆಯಂತಾಗುತ್ತದೆ. ಅಂಚುಗಲ್ಲನ್ನು ಕಾಂಕ್ರೀಟಿನಲ್ಲಿ ಭದ್ರಪಡಿಸದೆ ಮಣ್ಣಿನಲ್ಲಿ ನೆಟ್ಟಿದ್ದರೆ ಅದು ಹೊರಕ್ಕೆ ವಾಲಿ, ಬ್ಲಾಕುಗಳೆಲ್ಲ ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ.

ಇನ್ನು ಅಗೆತ. ಜಲಮಂಡಳಿ, ಬೆಸ್ಕಾಂ, ದೂರಸಂಪರ್ಕ ಸಂಸ್ಥೆಗಳಿಗೆಲ್ಲ ನೆಲದಡಿಯ ಅದೇ ಜಾಗ ಬೇಕು. ಹೊಸದಾಗಿ ಹಾಸಿದ ಮಾರ್ಗವನ್ನು ಕೆಲವೇ ವಾರಗಳಲ್ಲಿ ಇನ್ನೊಂದು ಇಲಾಖೆ ಬಗೆಯುವ ನೋಟ ನಮಗೆ ಹೊಸದಲ್ಲ. ಇದಕ್ಕೆ ಉತ್ತರವಾಗಿ ಬಂದದ್ದೇ ಟೆಂಡರ್‌ಶ್ಯೂರ್ ಮಾದರಿ. ಕೊಳವೆ, ಕೇಬಲುಗಳನ್ನು ಪಾದಚಾರಿ ಮಾರ್ಗದ ಕೆಳಗೆ ನಿಗದಿತ ನಾಳಗಳಲ್ಲಿ ಹಾಯಿಸಿ, ಅಲ್ಲಲ್ಲಿ ತೆರೆಯಬಹುದಾದ ಕೋಣೆಗಳನ್ನಿಟ್ಟು, ರಸ್ತೆಯನ್ನು ಮತ್ತೆ ಅಗೆಯುವ ಅಗತ್ಯವೇ ಬಾರದಂತೆ ಮಾಡುವುದು ಇದರ ತಿರುಳು. ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮೊದಲಾದವು ಪ್ರಥಮ ಹಂತದಲ್ಲಿ ಈ ರೂಪ ಪಡೆದವು. ವೆಚ್ಚ ಅಧಿಕವಾಯಿತೆಂಬ ಟೀಕೆ ಕೇಳಿಬಂತು, ವಾಹನಗಳ ಪಥ ಕಿರಿದಾಯಿತೆಂಬ ಆಕ್ಷೇಪವೂ ಬಂತು. ಕಾಮಗಾರಿ ನಡೆದ ತಿಂಗಳುಗಳಲ್ಲಿ ಆ ಬೀದಿಗಳ ವರ್ತಕರು ಧೂಳು, ಗುಂಡಿಗಳ ನಡುವೆ ವಹಿವಾಟು ನಡೆಸಬೇಕಾದದ್ದೂ ನಿಜ. ಆದರೂ ಅಲ್ಲಿ ಇಂದು ನಡೆದಾಡಿದವರಿಗೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಚರ್ಚ್ ಸ್ಟ್ರೀಟ್ ಇದಕ್ಕೆ ಪೂರಕವಾದ ಪಾಠ. 2018ರಲ್ಲಿ ಕಲ್ಲುಹಾಸಿನ ಹೊಸ ಮೆರುಗಿನೊಂದಿಗೆ ತೆರೆದ ಆ ಬೀದಿಯಲ್ಲಿ ಕೆಲವೇ ವರ್ಷಗಳಲ್ಲಿ ಕಲ್ಲುಗಳು ಸಡಿಲಗೊಂಡವು. ಕಟ್ಟಲು ಹಣ ಹೊಂದಿಸಿದಷ್ಟು ಸುಲಭವಾಗಿ ಕಾಪಾಡಲು ಹಣ ಹೊಂದಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಹೊಣೆಯ ಪ್ರಶ್ನೆಯಲ್ಲಿ ನ್ಯೂಯಾರ್ಕ್ ನಗರದ ಏರ್ಪಾಡು ಕುತೂಹಲಕರ. ಅಲ್ಲಿ ಪಾದಚಾರಿ ಮಾರ್ಗದ ದುರಸ್ತಿ ಅದಕ್ಕೆ ಹೊಂದಿಕೊಂಡ ಆಸ್ತಿಯ ಒಡೆಯನ ಪಾಲಿನದು. 2003ರ ಕಾನೂನಿನ ಬಳಿಕ, ಮಾಲೀಕರೇ ವಾಸವಿರುವ ಸಣ್ಣ ಮನೆಗಳನ್ನು ಬಿಟ್ಟು ಉಳಿದೆಡೆ, ಕೆಟ್ಟ ಮಾರ್ಗದಲ್ಲಿ ಯಾರಾದರೂ ಎಡವಿ ಗಾಯಗೊಂಡರೆ ಪರಿಹಾರದ ಬಾಧ್ಯತೆಯೂ ಮಾಲೀಕನದೇ. ಅಕ್ಕಪಕ್ಕದ ಎರಡು ಹಾಸುಗಳ ನಡುವೆ ಅರ್ಧ ಅಂಗುಲ ಏರುಪೇರಾದರೂ ಅದು ದೋಷವೆಂದು ಪರಿಗಣಿತವಾಗುತ್ತದೆ. ನಗರಾಡಳಿತ ನೋಟೀಸು ನೀಡುತ್ತದೆ, ಮಾಲೀಕ ಸರಿಪಡಿಸದಿದ್ದರೆ ತಾನೇ ಸರಿಪಡಿಸಿ ಬಿಲ್ಲು ಕಳುಹಿಸುತ್ತದೆ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಬೀದಿಗಳ ನಿರ್ವಹಣೆ ಪಾಲಿಕೆಯ ಕರ್ತವ್ಯ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿಯ ಐದು ಪಾಲಿಕೆಗಳಿಗೆ ಆ ಭಾರ ಹಂಚಿಹೋಗಿದೆ. ಅಮೆರಿಕದ ಪದ್ಧತಿ ಇಲ್ಲಿಗೆ ಬರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆಸ್ತಿ ತೆರಿಗೆ ಪಾವತಿಸಿದ ಮೇಲೆ ಮತ್ತೊಂದು ಹೊರೆಯನ್ನು ನಮ್ಮ ಸಣ್ಣ ವರ್ತಕ ತಾಳಲಾರ. ಆದರೆ ಅರ್ಧ ಅಂಗುಲದಂಥ ಒಂದು ಸ್ಪಷ್ಟ ಅಳತೆಗೋಲು ಮಾತ್ರ ಇಲ್ಲಿಗೂ ಬೇಕು. ದೋಷವೆಂದರೇನು ಎಂಬುದೇ ನಿರ್ಧಾರವಾಗದಿದ್ದರೆ ದೂರು ನೀಡಿದವನಿಗೂ ದೂರು ಸ್ವೀಕರಿಸಿದವರಿಗೂ ವಾದಕ್ಕೆ ಕೊನೆಯಿರುವುದಿಲ್ಲ.

ನಮ್ಮ ಕಡೆಯ ಲೋಪವನ್ನೂ ಮುಚ್ಚಿಡುವಂತಿಲ್ಲ. ಅಂಗಡಿಯ ಮೆಟ್ಟಿಲು, ವಾಹನ ಏರಿಸುವ ಇಳಿಜಾರು, ಜನರೇಟರು, ಫಲಕ, ಖಾಲಿ ಪೆಟ್ಟಿಗೆಗಳು ಎಲ್ಲವೂ ಪಾದಚಾರಿ ಮಾರ್ಗದ ಮೇಲೆಯೇ. ಮೇಲೆ ಹೇಳಿದ ಮಾರ್ಗಸೂಚಿಯಂತೆ ವಸತಿ ಬೀದಿಯಲ್ಲಿಯೂ ಕನಿಷ್ಠ 1.8 ಮೀಟರು, ಅಂದರೆ ಸುಮಾರು ಆರು ಅಡಿ, ಅಡೆತಡೆಯಿಲ್ಲದೆ ನಡೆಯಲು ಬಿಡಬೇಕು; ವಾಣಿಜ್ಯ ಬೀದಿಯಲ್ಲಿ 2.5 ಮೀಟರು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಹೇಳಿ, ಅತಿಕ್ರಮಣ ತೆರವಿಗೆ ಒತ್ತು ನೀಡಿದೆ. ತೆರವು ಕಾರ್ಯಾಚರಣೆ ಎಂದೊಡನೆ ಎಲ್ಲರೂ ತಳ್ಳುಗಾಡಿಯವರತ್ತ ಬೆರಳು ತೋರಿಸುತ್ತಾರೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಅವರವೇ. ನಮ್ಮ ಮೆಟ್ಟಿಲುಗಳಿಗೆ ಅಂಥ ಯಾವ ಕಾಯ್ದೆಯ ಆಸರೆಯೂ ಇಲ್ಲ.

ಕೊನೆಯದಾಗಿ, ಅಂಚುಗಲ್ಲು ಹಾಗೂ ಬ್ಲಾಕುಗಳನ್ನು ತಯಾರಿಸುವ ನಮ್ಮ ಸದಸ್ಯರಿಗೆ. ಅಂಚುಗಲ್ಲಿಗೆ ಐ.ಎಸ್. 5758, ಬ್ಲಾಕುಗಳಿಗೆ ಐ.ಎಸ್. 15658 ಅನ್ವಯವಾಗುವ ಮಾನಕಗಳು. ಎರಡನೆಯದರ 2006ರ ಆವೃತ್ತಿಯೇ ಕೇವಲ ನಡಿಗೆಗೆ 50 ಮಿ.ಮೀ. ದಪ್ಪದ ಎಂ-30 ಬ್ಲಾಕನ್ನೂ, ಹಗುರ ವಾಹನಗಳು ಬರುವೆಡೆ 60 ಮಿ.ಮೀ.ನ ಎಂ-35 ಬ್ಲಾಕನ್ನೂ ಸೂಚಿಸಿತ್ತು; ನೀರು ಹೀರುವಿಕೆ ಸರಾಸರಿ ಶೇ. 6 ಮೀರಬಾರದೆಂದಿತ್ತು. ನಮ್ಮ ಬೀದಿಗಳಲ್ಲಿ ದ್ವಿಚಕ್ರ ವಾಹನಗಳು ಪಾದಚಾರಿ ಮಾರ್ಗವನ್ನೇರದ ದಿನವಿಲ್ಲವಾದ್ದರಿಂದ 50 ಮಿ.ಮೀ.ನ ಬೇಡಿಕೆ ಬಂದಾಗ 60ನ್ನು ಶಿಫಾರಸು ಮಾಡುವುದು ಲೇಸು. ಗುತ್ತಿಗೆದಾರನ ಅವಸರಕ್ಕೆ ಮಣಿದು ಕ್ಯೂರಿಂಗ್ ಮುಗಿಯದ ಸರಕನ್ನು ಕಳುಹಿಸಿದರೆ ನಾಳೆ ದೋಷವೆಲ್ಲ ತಯಾರಕನ ತಲೆಗೇ ಬರುತ್ತದೆ. ಆದುದರಿಂದ ಪ್ರತಿ ತಂಡದ ಪರೀಕ್ಷಾ ವರದಿಯನ್ನು ಬಿಲ್ಲಿನೊಡನೆ ಲಗತ್ತಿಸಿಡುವುದು ಕ್ಷೇಮ.

ಪಾಲಿಕೆಯ ಹಣ ಬಂದ ಮೇಲೆ ಕೊಡುತ್ತೇನೆ ಎಂಬ ಗುತ್ತಿಗೆದಾರನ ಮಾತು ಸಣ್ಣ ಕೈಗಾರಿಕೆಗಳ ಚಾಲ್ತಿ ಬಂಡವಾಳವನ್ನು ನುಂಗುವ ಹಳೆಯ ರೋಗ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಹಣ ಸಂದಾಯವಾಗಲು 45 ದಿನವೇ ಗರಿಷ್ಠ ಗಡುವು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಉದ್ಯಮ್ ನೋಂದಣಿಯನ್ನು ಸರಬರಾಜಿಗೆ ಮುನ್ನವೇ ಮಾಡಿಸಿಕೊಂಡು, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲಿಯೂ ಮುದ್ರಿಸಿದ್ದರೆ ಮುಂದೆ ಸೌಲಭ್ಯ ಮಂಡಳಿಯ ಮುಂದೆ ಹೋಗಬೇಕಾಗಿ ಬಂದಾಗ ಅನಗತ್ಯ ತಕರಾರಿಗೆ ಎಡೆಯಿರದು.