ಅಂಗಾಲಿನ ಉರಿಗೆ ಸಕ್ಕರೆಯೊಂದೇ ಕಾರಣವೆ?

‘ಅಂಗಾಲು ಉರಿತಾವ್ರಿ, ಕೈ ಜೋಮು ಹಿಡಿತಾವ್ರಿ’ ಎಂದು ಹಟ್ಟಿ, ಮಸ್ಕಿ, ಸಿಂಧನೂರಿನ ದವಾಖಾನೆಗೆ ಹೋದವರ ಸಕ್ಕರೆಯನ್ನು ಮೊದಲು ನೋಡುವುದು ಸರಿಯೇ. ಕೈಕಾಲಿನ ನರ ಕೆಡಲು ಮಧುಮೇಹವೇ ಅತಿ ಸಾಮಾನ್ಯ ಕಾರಣ. ಆದರೆ ಸಕ್ಕರೆ ಸಿಕ್ಕಿತೆಂದು ಈ ಸೀಮೆಯಲ್ಲಿ ಹುಡುಕಾಟ ನಿಲ್ಲಿಸುವಂತಿಲ್ಲ. ಹಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನಿಕ್ ಬೆರೆತ ಖನಿಜವಿದೆ. ಅದಿರಿನಲ್ಲಿದ್ದದ್ದೆಲ್ಲ ಕುಡಿಯುವ ನೀರಿಗೆ ಇಳಿಯುತ್ತದೆ ಎಂದಲ್ಲ. ಇಳಿದರೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ದೂರ ಹೋಗಬೇಕಿಲ್ಲ. ಕೃಷ್ಣೆಯ ಆಚೆ, ಸುರಪುರ ಸೀಮೆಯ ಮಂಗಳೂರಿನ ಹಳೆಯ ಚಿನ್ನದ ಗಣಿಗೆ ಹತ್ತಿರದ ಕಿರದಳ್ಳಿ ತಾಂಡಾದ ಬಗ್ಗೆ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರಬರ್ತಿ ಮತ್ತು ಸಂಗಡಿಗರು 2013ರಲ್ಲಿ ವರದಿ ಪ್ರಕಟಿಸಿದರು. ಅವರು ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಿತ್ತು, ಗರಿಷ್ಠ 303. ಅಲ್ಲಿ ಎದ್ದು ಕಂಡದ್ದು ಚರ್ಮದ ರೋಗ. ಆದರೆ ಇದೇ ವಿಷ ನರಗಳನ್ನೂ ತಿನ್ನುತ್ತದೆ, ಅದೂ ಸಕ್ಕರೆ ಕಾಯಿಲೆಯಂತೆಯೇ ಪಾದದಿಂದ ಮೇಲಕ್ಕೆ. ಇದರ ಜೊತೆಗೆ ಕುಷ್ಠ, ಬಿ12 ಕೊರತೆ, ಕುಡಿತ, ಕೈ ನಡುಗಿಸುವ ಡ್ರಿಲ್ಲಿಂಗ್ ಯಂತ್ರ. ಒಂದೇ ದೂರಿಗೆ ಇಷ್ಟು ಕಾರಣಗಳಿರುವ ಕಡೆ ನರವನ್ನೇ ಕೇಳಬೇಕಾಗುತ್ತದೆ.

ನರವನ್ನು ಕೇಳುವ ವಿದ್ಯೆ ಹುಟ್ಟಿದ್ದು ಚಿಕಿತ್ಸೆಗಾಗಿ ಅಲ್ಲ, ಒಂದು ಹಟದಿಂದ. ನರದೊಳಗಿನ ಸಂಜ್ಞೆಯ ವೇಗ ಅಳತೆಗೆ ಸಿಗುವಂಥದ್ದಲ್ಲ ಎಂದು ಜರ್ಮನಿಯ ಯೋಹಾನೆಸ್ ಮ್ಯೂಲರ್ ನಂಬಿದ್ದರು. ಅವರ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದೇಬಿಟ್ಟರು: ಸೆಕೆಂಡಿಗೆ ಸುಮಾರು 27 ಮೀಟರ್. 1867ರಲ್ಲಿ ಮನುಷ್ಯರ ಮೇಲೂ ಅಳತೆ ನಡೆಯಿತು. ಅದು ಆಸ್ಪತ್ರೆ ಮುಟ್ಟಲು ಮತ್ತೆ ಎಂಬತ್ತು ವರ್ಷ ಹಿಡಿಯಿತು. ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ ಹೋಡ್ಸ್ ಮತ್ತು ಸಂಗಡಿಗರು ಸ್ನಾಯು ಕುಣಿಸುವ ನರಗಳ ವೇಗವನ್ನು ರೋಗಿಗಳಲ್ಲಿ ಅಳೆದರು. ಮರುವರ್ಷ ಡಾಸನ್ ಮತ್ತು ಸ್ಕಾಟ್ ನರದ ಕ್ಷೀಣ ಸಂಜ್ಞೆಯನ್ನು ಚರ್ಮದ ಮೇಲಿಂದಲೇ ದಾಖಲಿಸಿದರು.

ಇಂದಿಗೂ ಲೆಕ್ಕ ಅದೇ. ಮಣಿಕಟ್ಟಿನಲ್ಲಿ ಒಮ್ಮೆ, ಮೊಣಕೈಯಲ್ಲಿ ಒಮ್ಮೆ ಸಣ್ಣ ಕರೆಂಟ್ ಕೊಡುತ್ತಾರೆ. ಹೆಬ್ಬೆರಳಿನ ಬುಡ ಚುರುಕ್ಕೆಂದು ಎಗರುತ್ತದೆ. ಕರೆಂಟ್ ಕೊಟ್ಟಲ್ಲಿಂದ ಎಗರುವವರೆಗೆ ಹಿಡಿದ ಎರಡು ಹೊತ್ತಿನ ವ್ಯತ್ಯಾಸ 4 ಮಿಲಿಸೆಕೆಂಡ್, ನಡುವಿನ ದೂರ 22 ಸೆಂಟಿಮೀಟರ್ ಎಂದಾದರೆ ವೇಗ ಸೆಕೆಂಡಿಗೆ 55 ಮೀಟರ್. ಆರೋಗ್ಯವಂತರ ತೋಳಿಗೆ ಅದು ಸರಿ. ವೇಗ ತೀರಾ ತಗ್ಗಿದ್ದರೆ ನರದ ಹೊದಿಕೆ ಕೆಟ್ಟಿದೆ. ವೇಗ ಹೆಚ್ಚುಕಡಿಮೆ ಉಳಿದು ಯಂತ್ರದಲ್ಲಿ ಮೂಡುವ ಅಲೆಯ ಎತ್ತರ ಕುಸಿದಿದ್ದರೆ ಒಳಗಿನ ಎಳೆಗಳೇ ಸತ್ತಿವೆ. ಬಹುಕಾಲದ ಆರ್ಸೆನಿಕ್ ಸಾಮಾನ್ಯವಾಗಿ ಎರಡನೆಯ ಬಗೆ, ಸ್ಪರ್ಶದ ನರಗಳಿಗೇ ಹೆಚ್ಚು ಪೆಟ್ಟು. ಮಣಿಕಟ್ಟಿನಲ್ಲಿ ಮಾತ್ರ ತಡವಾದರೆ ನರ ಅಲ್ಲಿ ಅದುಮಿಕೊಂಡಿದೆ. ಅದಕ್ಕೆ ನೀರನ್ನು ದೂರಿ ಫಲವಿಲ್ಲ. ಕೈ ತಣ್ಣಗಿದ್ದರೂ ವೇಗ ಇಳಿಯುತ್ತದೆ. ರಾಯಚೂರು ಜಿಲ್ಲೆಯ ಬಿಸಿಲಿಗೆ ಇದು ತಮಾಷೆ ಅನ್ನಿಸೀತು, ಆದರೆ ಎ.ಸಿ. ಕೋಣೆಯಲ್ಲಿ ಅರ್ಧ ಗಂಟೆ ಕೂತ ಕೈಗೂ ಅದೇ ಗತಿ.

ಸುತ್ತಿಗೆ, ಟ್ಯೂನಿಂಗ್ ಫೋರ್ಕ್, ಪಾದಕ್ಕೆ ತಾಗಿಸುವ ನೈಲಾನ್ ಎಳೆ ಸಾಕಲ್ಲ, ಯಂತ್ರವೇಕೆ ಎಂದು ಕೇಳುವವರಿದ್ದಾರೆ. ವರ್ಷಗಟ್ಟಲೆ ಸಕ್ಕರೆಯಿದ್ದು ಎರಡೂ ಪಾದ ಸಮನಾಗಿ ಮರಗಟ್ಟಿದವರಿಗೆ ನಿಜವಾಗಿಯೂ ಅಷ್ಟೇ ಸಾಕು. ಅಂಥವರನ್ನೆಲ್ಲ ದೊಡ್ಡ ಊರಿಗೆ ಅಟ್ಟಿದರೆ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ದಂಡ. ಇನ್ನೊಂದು ಆಕ್ಷೇಪಕ್ಕೆ ಇನ್ನೂ ತೂಕವಿದೆ: ಉರಿ, ನೋವು ಒಯ್ಯುವ ಅತಿ ಸಣ್ಣ ನರಗಳು ಈ ಪರೀಕ್ಷೆಗೆ ಕಾಣುವುದೇ ಇಲ್ಲ, ಆದ್ದರಿಂದ ವರದಿ ನಾರ್ಮಲ್ ಬಂದ ಮಾತ್ರಕ್ಕೆ ಉರಿ ಸುಳ್ಳಲ್ಲ. ಯಂತ್ರ ಕಾರಣದ ಹೆಸರನ್ನೂ ಹೇಳುವುದಿಲ್ಲ. ಕೆಡುಕಿನ ಬಗೆಯನ್ನಷ್ಟೇ ಹೇಳುತ್ತದೆ. ಆದರೆ ಒಂದೇ ಕೈಯಲ್ಲಿ ಜೋಮು, ಬೇಗ ಬೇಗ ಏರುವ ಸೋಲು, ಸಕ್ಕರೆ ಸರಿಯಿದ್ದೂ ಸತ್ತ ಸ್ಪರ್ಶ ಕಂಡಾಗ ಮುಂದೆ ಏನು ಹುಡುಕಬೇಕೆಂದು ತಿಳಿಯುವುದು ಆ ಬಗೆಯಿಂದಲೇ. ಎಳೆಗಳು ಸತ್ತಿವೆ ಎಂದು ಬಂದರೆ ಮುಂದಿನ ಕೆಲಸ ಮೂತ್ರ, ಉಗುರು, ಕೂದಲಿನ ಆರ್ಸೆನಿಕ್ ನೋಡುವುದು: ಮೂತ್ರ ಇತ್ತೀಚಿನದನ್ನು, ಉಗುರು ಕೂದಲು ತಿಂಗಳುಗಳ ಹಿಂದಿನದನ್ನು ಹೇಳುತ್ತವೆ. ಹಾಗಾಗಿ ಈ ಸೀಮೆಯಿಂದ ಪರೀಕ್ಷೆಗೆ ಕಳಿಸುವ ಚೀಟಿಯಲ್ಲಿ ವಯಸ್ಸು, ಸಕ್ಕರೆಯ ಜೊತೆಗೆ ಇನ್ನೆರಡು ಸಾಲು ಬೇಕು: ಮಾಡುವ ಕೆಲಸ ಏನು, ಮನೆಗೆ ಕುಡಿಯುವ ನೀರು ಯಾವ ಬೋರ್‌ವೆಲ್ಲಿನದು.