ಬಾಗಿಲು ಕಾಯುವ ಮನೆಗಳು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕೊಳೆರೋಗ, ಕಾಯಿಕೊರಕ, ಧಾರಣೆ ಇವುಗಳ ಬಗ್ಗೆ ಬರೆಯುತ್ತೇವೆ. ಈ ಬಾರಿ ತೋಟದ ರೋಗದ ಮಾತಲ್ಲ, ಮನೆಯೊಳಗಿನ ಕಾಯಿಲೆಯ ಮಾತು.

ನಮ್ಮ ಸದಸ್ಯರೊಬ್ಬರಿಗೆ ಎರಡೆಕರೆ ಅಡಿಕೆ, ನಡುವೆ ಒಂದಿಷ್ಟು ಕಾಫಿ. ಸಾಲದ ಕಂತು ತಪ್ಪಿತು. ನಿಯಮದಂತೆ ಮೂರು ನೋಟೀಸು ಕಳುಹಿಸಿದೆವು, ಉತ್ತರವಿಲ್ಲ. ಕೊನೆಗೆ ನಾವೇ ಹೋದೆವು. ಗೋಟಡಿಕೆ ಮರದಡಿಯಲ್ಲೇ ಬಿದ್ದಿತ್ತು. ಮನೆಯಲ್ಲಿ ಬೆಳೆದ ಮಗನಿಗೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ. ಯಾರೋ ಬೈಯುವ ದನಿ ಕಿವಿಯಲ್ಲಿ ಕೇಳುತ್ತದಂತೆ, ಅನ್ನಕ್ಕೆ ವಿಷ ಹಾಕಿದ್ದಾರೆಂಬ ಸಂಶಯವಂತೆ. ತಾಯಿ ಆರು ವರ್ಷಗಳಿಂದ ಒಂದು ಮದುವೆಗೂ ಹೋದವರಲ್ಲ. ತಂದೆ ರಾತ್ರಿ ಬಾಗಿಲಿಗೆ ಅಡ್ಡಲಾಗಿ ಮಲಗುತ್ತಾರೆ. ಹಗಲು ತೋಟಕ್ಕೆ ಇಳಿಯಲು ಅವರಲ್ಲಿ ತ್ರಾಣವೇ ಇಲ್ಲ. ನೋಟೀಸಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅಂತೂ ಒಬ್ಬರು ಮನೆಗೆ ಬಂದರಲ್ಲ ಎಂದಷ್ಟೇ ಹೇಳಿದರು. ನಮಗೆ ತಲೆ ಎತ್ತಲಾಗಲಿಲ್ಲ.

ಹರಕೆ, ತಾಯಿತ ಎಲ್ಲ ಮುಗಿಸಿ ಅವರು ಆಸ್ಪತ್ರೆಗೂ ಹೋಗಿದ್ದರು. ಮಗ ಚೇತರಿಸಿಕೊಂಡಿದ್ದ. ಗುಣವಾಯಿತೆಂದು ಮಾತ್ರೆ ನಿಲ್ಲಿಸಿದರು, ಕಾಯಿಲೆ ಮರುಕಳಿಸಿತು. ಮೊದಲ ಸಿಂಪರಣೆಗೆ ಕೊಳೆ ಬರಲಿಲ್ಲವೆಂದು ಎರಡನೆಯದನ್ನು ಬಿಡುವವರು ನಮ್ಮಲ್ಲಿ ಯಾರಿದ್ದಾರೆ? ಔಷಧವೂ ಹಾಗೆಯೇ, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮಾತ್ರೆ ನುಂಗಲು ಒಪ್ಪದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಇದೆ.

ಅಡಿಕೆಯ ನಾಡೇ ಆದ ತೀರ್ಥಹಳ್ಳಿ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು 2005ರಿಂದ ಇಂತಹ ರೋಗಿಗಳನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ ಚಿಕಿತ್ಸೆ ನೀಡಿದರು. ಊರಲ್ಲೇ ಇದ್ದು ಔಷಧ ಪಡೆದವರ ದುಡಿಯುವ ಶಕ್ತಿ ಸುಧಾರಿಸಿದ್ದು ಅಲ್ಲಿ ಕಂಡುಬಂತು. ರೋಗಿಯ ಅಸಾಮರ್ಥ್ಯ ಹೆಚ್ಚಿದಷ್ಟೂ ಮನೆಯವರ ಹೊರೆ ಹೆಚ್ಚುತ್ತದೆಂಬುದೂ ಅಲ್ಲಿನ ಅಧ್ಯಯನದಿಂದ ತಿಳಿದುಬಂತು. ಅಂದರೆ ಮಗನ ಚಿಕಿತ್ಸೆಯೇ ತಾಯಿಗೂ ಚಿಕಿತ್ಸೆ.

ಸದಸ್ಯರು ಗಮನಿಸಬೇಕಾದ ಸಂಗತಿಗಳು ಇವು. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಾಯಿತು. ನಿಮ್ಮ ತಾಲೂಕಿನ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ರೋಗಿ ಮಾತ್ರವಲ್ಲ, ದಣಿದ ಮನೆಯವರೂ ಮಾತನಾಡಬಹುದು. 2016ರ ಕಾಯಿದೆಯಂತೆ ಮಾನಸಿಕ ಕಾಯಿಲೆಯೂ ಅಂಗವೈಕಲ್ಯವೆಂದು ಪರಿಗಣಿತವಾಗಿದ್ದು, ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಕೀಟನಾಶಕ, ಕಳೆನಾಶಕ, ಮೈಲುತುತ್ತಗಳನ್ನು ಬೀಗ ಹಾಕಿಡಿರಿ, ಬೀಗದ ಕೈ ನಿಮ್ಮ ಬಳಿಯೇ ಇರಲಿ.

ಆದರೆ ಯಾವ ಕಾಯಿದೆಯೂ ಆ ತಾಯಿಯನ್ನು ಒಂದು ದಿನ ಮನೆಯಿಂದ ಹೊರಗೆ ಕಳುಹಿಸಲಾರದು. ಅದು ನೆರೆಯವರಾದ ನಮ್ಮ ಕೆಲಸ. ಈಗ ಅವರ ಪಕ್ಕದ ಇಬ್ಬರು ಸದಸ್ಯರು ಸರದಿಯಂತೆ ವಾರಕ್ಕೊಂದು ಮಧ್ಯಾಹ್ನ ಆ ಮನೆಯಲ್ಲಿ ಕುಳಿತಿರುತ್ತಾರೆ. ಮಗ ಮತ್ತೆ ಔಷಧ ತೆಗೆದುಕೊಳ್ಳುತ್ತಿದ್ದಾನೆ. ಕಂತಿನ ಗಡುವು ಮುಂದೂಡುವ ವಿಷಯ ಮುಂದಿನ ಸಭೆಯ ಮುಂದಿದೆ. ಇಂತಹ ಮನೆ ನಿಮ್ಮ ಬಳಿಯಲ್ಲಿದ್ದರೆ ದಯವಿಟ್ಟು ನಮಗೆ ತಿಳಿಸಿರಿ. ಗುಟ್ಟು ಕಾಪಾಡುತ್ತೇವೆ. ಇನ್ನು ಮುಂದೆ ಕಂತು ತಪ್ಪಿದ ಮನೆಗೆ ಮೊದಲು ನಾವು ಹೋಗುತ್ತೇವೆ, ನೋಟೀಸು ಆಮೇಲೆ.

— ಕಾರ್ಯದರ್ಶಿ