ಗುಂಡ್ಲುಪೇಟೆ, ಚಾಮರಾಜನಗರಗಳ ಬೆಟ್ಟಗಳಲ್ಲಿ ವಾರಾಂತ್ಯದ ಕಾಲ್ನಡಿಗೆ

ಶನಿವಾರ ಬೆಳಿಗ್ಗೆ ಮೈಸೂರಿನಿಂದ ಹೊರಟು ಭಾನುವಾರ ರಾತ್ರಿಯೊಳಗೆ ಮರಳುವಂತೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಯಾವ ಬೆಟ್ಟವನ್ನು ಹತ್ತಿ ಬರಬಹುದೆಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ನಮ್ಮ ಮುಂದಿಡುತ್ತಾರೆ. ನಕಾಶೆಯನ್ನು ಬಿಡಿಸಿ ನೋಡಿದರೆ ಉತ್ತರ ಸುಲಭವೆಂದೇ ತೋರುತ್ತದೆ. ಒಂದೆಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು, ಅದರಾಚೆ ಮಲೆ ಮಹದೇಶ್ವರನ ಮಲೆಗಳು. ಆದರೆ ನಕಾಶೆಯ ಸಮೋನ್ನತಿ ರೇಖೆಗಳು ಎತ್ತರವನ್ನು ಹೇಳುತ್ತವೆಯೇ ಹೊರತು, ಯಾರು, ಯಾರ ಅನುಮತಿಯಿಂದ, ಯಾವ ದಾರಿಯಲ್ಲಿ ಹತ್ತಬಹುದೆಂಬುದನ್ನು ಹೇಳುವುದಿಲ್ಲ. ಆ ಕೊರತೆಯನ್ನು ಕೊಂಚಮಟ್ಟಿಗೆ ತುಂಬುವುದೇ ಪ್ರಕೃತ ಲೇಖನದ ಉದ್ದೇಶ.

ಈ ಬೆಟ್ಟಗಳನ್ನು ನಡೆದೇ ಹತ್ತಬೇಕೆಂದು ನಾವು ಬಯಸುವುದಕ್ಕೆ ಕಾರಣವುಂಟು. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 816 ಮೀಟರ್ ಎತ್ತರದಲ್ಲಿದೆ. ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಸಾವಿರ ಮೀಟರ್ ಏರಿದಾಗ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿ ಇಳಿಯುವುದೆಂಬ ಸಾಮಾನ್ಯ ಲೆಕ್ಕವನ್ನು ಹಿಡಿದರೆ, ಪೇಟೆಗೂ ನೆತ್ತಿಗೂ ನಾಲ್ಕು ಡಿಗ್ರಿಗಳಷ್ಟು ಅಂತರವಿರಬೇಕು. ಕೆಳಗಿನ ಬಯಲು ನೀಲಗಿರಿಯ ಮಳೆಮರೆಯಲ್ಲಿ ಒಣಗಿ ನಿಂತಿರುವಾಗಲೂ ತೇವವುಳ್ಳ ಗಾಳಿ ಈ ಇಳಿಜಾರನ್ನು ಏರಿ, ತಣಿದು, ಮಂಜಾಗುತ್ತದೆ. ಬೆಟ್ಟದ ಹೆಸರಿನ ಹಿಂದಿರುವ ‘ಹಿಮವದ್’ ಎಂಬ ವಿಶೇಷಣ ಬರಿಯ ಅಲಂಕಾರವಲ್ಲ. ಬಿಳಿಗಿರಿ ಸಾಲಿನಲ್ಲಿ ಈ ಏರಿಕೆ ಇನ್ನೂ ಹೆಚ್ಚು: ಕತ್ತರಿಬೆಟ್ಟದ ನೆತ್ತಿ ಸುಮಾರು 1,800 ಮೀಟರ್. ಅಡಿಯಲ್ಲಿ ಮುಳ್ಳಿನ ಕುರುಚಲು, ಅದರ ಮೇಲೆ ಎಲೆಯುದುರುವ ಕಾಡು, ತಂಪು ಕಣಿವೆಗಳಲ್ಲಿ ನಿತ್ಯಹರಿದ್ವರ್ಣ, ನೆತ್ತಿಯ ಸಮೀಪದಲ್ಲಿ ಶೋಲಾ ಮತ್ತು ಹುಲ್ಲುಗಾವಲು. ಪಶ್ಚಿಮ ಘಟ್ಟವನ್ನು ಪೂರ್ವ ಘಟ್ಟದೊಡನೆ ಬೆಸೆಯುವ ಈ ಚಾರ್ನೊಕೈಟ್ ಶಿಲೆಯ ಸಾಲಿನಲ್ಲಿ ಒಂದೇ ದಿನದ ಏರಿಕೆ ಅನೇಕ ಗ್ರಂಥಗಳ ಪಾಠವನ್ನು ಕಲಿಸಬಲ್ಲುದು. ವಾಹನದಲ್ಲಿ ಹೋದವನಿಗೆ ಅಡಿಯೂ ನೆತ್ತಿಯೂ ಕಾಣುತ್ತವೆ. ನಡುವಣ ಬದಲಾವಣೆ ಕಾಣುವುದಿಲ್ಲ.

ಹೀಗಿದ್ದರೂ ಈ ದಾರಿಗಳಲ್ಲಿ ಹೆಚ್ಚಿನವು ಪಾದಚಾರಿಗೆ ಮುಚ್ಚಿವೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಮಿತ್ರರು ಬುತ್ತಿ ಕಟ್ಟಿಕೊಂಡು, ಹಂಗಳದ ಬಳಿ ಊಟಿಯ ಹೆದ್ದಾರಿಯನ್ನು ಬಿಟ್ಟು, ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋದೆವು. ಖಾಸಗಿ ವಾಹನಗಳು ಅಲ್ಲಿಯೇ ನಿಲ್ಲಬೇಕು, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು ಎಂಬ ನಿಯಮವನ್ನು ಕೇಳಿದ್ದೆವು; ನಡೆದು ಹೋಗುವವರಿಗೆ ಅದು ಅನ್ವಯಿಸದೆಂದು ನಮ್ಮಷ್ಟಕ್ಕೆ ನಾವೇ ಭಾವಿಸಿದ್ದೆವು. ಕಾವಲುಗಾರನು ಬಿಡಲಿಲ್ಲ. ಮುಖ ಸಿಂಡರಿಸಿಕೊಂಡು ಬಸ್ಸನ್ನೇರಿದೆವು. ಎರಡನೆಯ ತಿರುವಿನಲ್ಲಿ ಚಾಲಕನು ಬಸ್ಸನ್ನು ನಿಲ್ಲಿಸಿದನು. ಲಂಟಾನದ ಪೊದೆಯಿಂದ ಮರಿಯೊಡನೆ ಮೂರು ಆನೆಗಳು ರಸ್ತೆಗಿಳಿದವು. ಅವು ಹೊರಬರುವವರೆಗೂ ಇಪ್ಪತ್ತು ಹೆಜ್ಜೆ ದೂರದಲ್ಲಿ ಅವುಗಳ ಸುಳಿವೇ ಇರಲಿಲ್ಲ. ನಾವು ನಡೆದು ಬಂದಿದ್ದರೆ ಸರಿಯಾಗಿ ಆ ಪೊದೆಯ ಪಕ್ಕದಲ್ಲಿ ಇರುತ್ತಿದ್ದೆವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಶಾಸನದ ಸ್ಥಿತಿಯೂ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 27ನೆಯ ಪ್ರಕರಣದಂತೆ, ಅಲ್ಲಿಯ ನಿವಾಸಿಗಳು, ಹೆದ್ದಾರಿಯಲ್ಲಿ ಸಾಗುವವರು ಮುಂತಾದ ಕೆಲವರನ್ನುಳಿದು, ಅನುಮತಿಯಿಲ್ಲದೆ ಯಾರೂ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮೊದಲಾದ ಉದ್ದೇಶಗಳಿಗೆ ಅನುಮತಿ ಕೊಡಲು 28ನೆಯ ಪ್ರಕರಣದಲ್ಲಿ ಅವಕಾಶವಿದೆ. ಬಂಡೀಪುರವು 1973ರಲ್ಲಿಯೇ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಹೊತ್ತಿ ಉರಿದುದನ್ನು ಕಂಡವರಿಗೆ, ಬೇಸಗೆಯಲ್ಲಿ ಒಬ್ಬನ ಬೀಡಿಯ ತುಂಡು ಕೂಡ ಎಂತಹ ವಿಷಯವೆಂದು ವಿವರಿಸಬೇಕಾದುದಿಲ್ಲ.

ಆದರೆ ಬಿಳಿಗಿರಿಯ ವಿಷಯದಲ್ಲಿ ನಮಗೊಂದು ಬೇರೆ ಮಾತಿದೆ. ಅಲ್ಲಿಯ ಕಾಲುದಾರಿಗಳು ಸೋಲಿಗರವು. ರಂಗನಾಥನು ಸೋಲಿಗರ ಕುಸುಮಾಲೆಯನ್ನು ವರಿಸಿದನೆಂಬುದು ಅವರ ನಂಬಿಕೆ. ಆದುದರಿಂದ ದೇವರು ಅವರಿಗೆ ಭಾವ. ಭಾರ್ಗವಿ ಹೊಳೆಯ ದಂಡೆಯಲ್ಲಿರುವ ದೊಡ್ಡ ಸಂಪಿಗೆ ಮರ ಅವರ ಪೂಜಾಸ್ಥಾನ. ರಂಗನು ಕೂಡ ನಡೆಯುವ ದೇವರೇ: ಕಾಡಿನಲ್ಲಿ ಸಂಚರಿಸಿ ಸವೆದುವೆಂದು ಎರಡು ವರ್ಷಕ್ಕೊಮ್ಮೆ ಅವನಿಗೆ ಭಾರಿ ಗಾತ್ರದ ಚರ್ಮದ ಪಾದರಕ್ಷೆಗಳನ್ನು ಹೊಸದಾಗಿ ಮಾಡಿಸಿ ಒಪ್ಪಿಸುತ್ತಾರೆ. ಹಿಂದೆ ಸೋಲಿಗರು ವರ್ಷಾರಂಭದ ತಿಂಗಳುಗಳಲ್ಲಿ, ನೆಲದ ಮೇಲಿನ ಒಣ ಎಲೆಗಷ್ಟೇ ಹತ್ತುವಂತೆ ‘ತರಗು ಬೆಂಕಿ’ಯನ್ನು ಹಾಕುತ್ತಿದ್ದರು. ಅಭಯಾರಣ್ಯವಾದ ಮೇಲೆ ಅದು ನಿಷಿದ್ಧವಾಯಿತು. ಅಂದಿನಿಂದಲೇ ಲಂಟಾನ ಹೆಚ್ಚಿ ದಾರಿಗಳು ಮುಚ್ಚಿದವೆಂದು ಹಿರಿಯ ಸೋಲಿಗರು ಹೇಳುತ್ತಾರೆ. ಲಂಟಾನದ ಹಬ್ಬುವಿಕೆಗೆ ಬೇರೆ ಕಾರಣಗಳೂ ಇರಬಹುದಾದರೂ, ತಲೆಮಾರುಗಳಿಂದ ಆ ನೆಲವನ್ನು ತುಳಿದವರ ಮಾತನ್ನು ಬದಿಗಿಡುವುದು ಶಾಸ್ತ್ರೀಯ ಮನೋಭಾವವಲ್ಲ. 2006ರ ಅರಣ್ಯ ಹಕ್ಕು ಅಧಿನಿಯಮದ ಮೇರೆಗೆ 2011ರಲ್ಲಿ ಅನೇಕ ಪೋಡುಗಳ ಸಾಮೂಹಿಕ ಹಕ್ಕುಗಳಿಗೆ ಮನ್ನಣೆ ದೊರೆತಿದೆ. ಅಲ್ಲಿ ಮುಂದೆ ಎಂದಾದರೂ ಕಾಲ್ನಡಿಗೆಗೆ ಅವಕಾಶವಾಗುವುದಾದರೆ, ಮುಂದೆ ನಡೆಯುವವರು ಸೋಲಿಗರೇ ಆಗಿರಬೇಕೆಂಬುದೂ, ಎಷ್ಟು ಮಂದಿ ಬರಬೇಕೆಂಬುದನ್ನು ನಿರ್ಣಯಿಸುವುದರಲ್ಲಿ ಅವರಿಗೂ ಅಧಿಕಾರವಿರಬೇಕೆಂಬುದೂ ನಮ್ಮ ಅಭಿಪ್ರಾಯ.

ಹೊಸ ಕಾಲದ ಚಾರಣಿಗರಿಗಿಂತ ಬಹು ಮುಂಚೆ ಗೆಳೆಯರ ಗುಂಪು ಕಟ್ಟಿ ಬೆಟ್ಟ ಹತ್ತಿದವರು ಪರಿಷೆಯವರು. ಶಿವರಾತ್ರಿಗೆ ಎಪ್ಪತ್ತೇಳು ಮಲೆಯ ಒಡೆಯನ ಬಳಿಗೆ ತಾಳುಬೆಟ್ಟದಿಂದ ಮೇಲಕ್ಕೆ ನಡೆದು ಹೋಗುವ ಊರಿನವರನ್ನು ನೋಡಿದರೆ ಇದು ತಿಳಿಯುತ್ತದೆ. ಅಲ್ಲಿಂದ ಒಳಗಿನ ನಾಗಮಲೆಯೂ ಮೊದಲು ಭಕ್ತರ ದಾರಿ. ಚಾರಣಿಗರು ಬಂದದ್ದು ತರುವಾಯ. 2024ರ ಜನವರಿಯ ಕೊನೆಯಲ್ಲಿ ರಜೆಯ ದಿನಗಳಂದು ದಕ್ಷಿಣ ಕನ್ನಡದ ಕುಮಾರಪರ್ವತದಲ್ಲಿ ಸಾವಿರಾರು ಮಂದಿ ಒಮ್ಮೆಲೇ ನೆರೆದುದರಿಂದ, ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರವು ರಾಜ್ಯದಲ್ಲಿ ತಡೆಯಿತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಸಂಖ್ಯೆಯನ್ನು ಮಿತಿಗೊಳಿಸಿ ಪುನಃ ಆರಂಭಿಸಿತು. ಹೊರಡುವ ಮುನ್ನ ಅಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಯಾವ ದಾರಿ ಯಾವ ತಿಂಗಳು ತೆರೆದಿರುವುದೆಂಬುದು ಬದಲಾಗುತ್ತಿರುತ್ತದೆ.

ಅನುಮತಿಯ ತೊಡಕಿಲ್ಲದೆ ಅರ್ಧ ದಿನ ಕಳೆಯಬಯಸುವವರಿಗೆ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯನ್ನು ಸೂಚಿಸುತ್ತೇವೆ. ಪೂಜ್ಯಪಾದರ ನೆನಪಿನೊಡನೆ ಬೆಸೆದ ಜೈನಕ್ಷೇತ್ರವದು. ಮೆಟ್ಟಿಲು ಹತ್ತಿದರೆ ಬಂಡೆ, ಬಸದಿ, ಸುತ್ತಲೂ ಹೊಲಗಳ ಬಯಲು. ತೆರಕಣಾಂಬಿಯ ಬಳಿಯ ಹುಲುಗನ ಮುರಡಿಯೂ ಹಾಗೆಯೇ. ಈ ಸೀಮೆಯಲ್ಲಿ ಮಳೆ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನ ಸುಮಾರಿಗೆ ಮತ್ತೊಮ್ಮೆ ಬಲವಾಗುವುದರಿಂದ ನವೆಂಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಉತ್ತಮ. ನೀರನ್ನು ಕೆಳಗಿನಿಂದಲೇ ಹೊರಬೇಕು.

ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲೊಂದು, ನೆತ್ತಿಯಲ್ಲೊಂದು ಉಷ್ಣಮಾಪಕವನ್ನಿರಿಸಿ, ಮೇಲೆ ಹೇಳಿದ ನಾಲ್ಕು ಡಿಗ್ರಿಗಳ ಲೆಕ್ಕವನ್ನು ಡಿಸೆಂಬರಿನ ಮಂಜಿನಲ್ಲಿ ಪರೀಕ್ಷಿಸಬೇಕೆಂದು ವಿದ್ಯಾರ್ಥಿಗಳು ಬಯಸಿದ್ದಾರೆ. ಅನುಮತಿಗೆ ಅರ್ಜಿ ಬರೆಯುತ್ತಿದ್ದೇವೆ. ಹೋಗುವುದು ಬಸ್ಸಿನಲ್ಲಿ.